ಹೊಡೆದದ್ದು 41, ಬಿಟ್ಟುಕೊಟ್ಟದ್ದು 78: ನಮ್ಮ ಬರ್ನ್ಲಿಯ ಮುಗಿಯದ ಚರ್ಚೆ

ಕೆಳಗಿನ ದರ್ಜೆಗೆ ಬೀಳುವ ಭಯದಲ್ಲಿರುವ ಫುಟ್‌ಬಾಲ್ ತಂಡ ಚಂದವಾಗಿ ಆಡಬೇಕೋ, ಗಟ್ಟಿಯಾಗಿ ನಿಂತು ಉಳಿದುಕೊಳ್ಳಬೇಕೋ? ಇಂಗ್ಲೆಂಡಿನ ಬರ್ನ್ಲಿಗೆ ಬಂದ ಮೇಲೆ ನಾನು ಅತಿ ಹೆಚ್ಚು ಕೇಳಿದ ಪ್ರಶ್ನೆ ಇದು. ನಾನು ಕೆಲಸ ಮಾಡುವುದು ಆಸ್ಪತ್ರೆಯ ಲ್ಯಾಬಿನಲ್ಲಿ. ಅಲ್ಲಿನ ಟೀ ರೂಮಿನಲ್ಲಿ ಇದೇ ಮಾತು. ಬಸ್ ಸ್ಟಾಪಿನಲ್ಲಿ, ಮಗಳ ಶಾಲೆಯ ಗೇಟಿನ ಹತ್ತಿರ, ಸಲೂನಿನಲ್ಲಿ ಕೂಡ ಇದೇ. ಹವಾಮಾನದ ಮಾತು ಮುಗಿದ ಕೂಡಲೇ ಫುಟ್‌ಬಾಲ್ ಶುರುವಾಗುತ್ತದೆ. ಫುಟ್‌ಬಾಲ್ ಶುರುವಾದರೆ ಎರಡೇ ನಿಮಿಷದಲ್ಲಿ ಜನ ಎರಡು ಪಕ್ಷವಾಗುತ್ತಾರೆ.

ಊರಿನಲ್ಲಿರುವ ಗೆಳೆಯರು ಇಂಗ್ಲೆಂಡ್ ಅಂದರೆ ಲಂಡನ್ ಅಂದುಕೊಳ್ಳುತ್ತಾರೆ. ಬರ್ನ್ಲಿ ಇರುವುದು ಉತ್ತರದ ಲ್ಯಾಂಕಾಶೈರ್‌ನಲ್ಲಿ. ಮ್ಯಾಂಚೆಸ್ಟರ್‌ನಿಂದ ರೈಲಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಒಂದು ಕಾಲದಲ್ಲಿ ಹತ್ತಿ ಬಟ್ಟೆಯ ಗಿರಣಿಗಳಿಂದ ಹೆಸರು ಮಾಡಿದ ಊರು. ಈಗ ಆ ಗಿರಣಿಗಳು ಇಲ್ಲ. ಕಲ್ಲಿನ ಮನೆಗಳ ಉದ್ದನೆಯ ಸಾಲುಗಳು, ಊರಿನ ಮಧ್ಯೆ ಹಾದುಹೋಗುವ ಕಾಲುವೆ, ದೂರದಲ್ಲಿ ಪೆಂಡಲ್ ಬೆಟ್ಟ ಇವು ಮಾತ್ರ ಹಾಗೇ ಇವೆ. ಸುತ್ತಲಿನ ಹಳ್ಳಿಗಳನ್ನೆಲ್ಲ ಸೇರಿಸಿದರೂ ಜನಸಂಖ್ಯೆ ಒಂದು ಲಕ್ಷದ ಆಸುಪಾಸು. ಇಂಥ ಊರಿನ ಕ್ಲಬ್ಬು 1888ರಲ್ಲಿ ಫುಟ್‌ಬಾಲ್ ಲೀಗ್ ಶುರುವಾದಾಗ ಅದರ ಹನ್ನೆರಡು ಸ್ಥಾಪಕ ತಂಡಗಳಲ್ಲಿ ಒಂದಾಗಿತ್ತು. 1921 ಮತ್ತು 1960ರಲ್ಲಿ ಇಡೀ ಇಂಗ್ಲೆಂಡಿನ ಚಾಂಪಿಯನ್ ಆಯಿತು. ಟರ್ಫ್ ಮೂರ್ ಎಂಬ ಮೈದಾನದಲ್ಲಿ 1883ರಿಂದ ಆಡುತ್ತಲೇ ಇದೆ. ಅಲ್ಲಿ ಕೂರಲು ಸುಮಾರು 22 ಸಾವಿರ ಜನರಿಗೆ ಜಾಗ ಇದೆ. ಲೆಕ್ಕ ಹಾಕಿ ನೋಡಿ, ಮೈದಾನ ತುಂಬಿದರೆ ಊರಿನ ಐದರಲ್ಲಿ ಒಂದು ಪಾಲು ಅಲ್ಲೇ ಇದ್ದಂತೆ.

ಕೆಳಗೆ ಬೀಳುವುದು ಅಂದರೇನು ಅಂತ ಮೊದಲು ಹೇಳಬೇಕು. ನಮಗೆ ಇದು ಅಷ್ಟು ಪರಿಚಯ ಇಲ್ಲ. 2017 ಮತ್ತು 2019ರಲ್ಲಿ ನಮ್ಮ ಆರ್‌ಸಿಬಿ ಐಪಿಎಲ್ ಪಟ್ಟಿಯ ಕೊನೆಯಲ್ಲಿತ್ತು. ಬೇಜಾರಾಯಿತು, ಬೈದೆವು, ಮುಂದಿನ ವರ್ಷ ಮತ್ತೆ ಅದೇ ಐಪಿಎಲ್‌ನಲ್ಲಿ ಅದೇ ಚಿನ್ನಸ್ವಾಮಿ ಸ್ಟೇಡಿಯಮ್‌ಗೆ ಹೋದೆವು. 2025ರಲ್ಲಿ ಕಪ್ಪೂ ಬಂತು. ಇಲ್ಲಿ ಹಾಗಿಲ್ಲ. ಮೊದಲ ದರ್ಜೆಯಾದ ಪ್ರೀಮಿಯರ್ ಲೀಗ್‌ನಲ್ಲಿ 20 ತಂಡಗಳು. ಪ್ರತಿ ತಂಡಕ್ಕೂ 38 ಪಂದ್ಯ. ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1. ಕೊನೆಯ ಮೂರು ತಂಡಗಳು ಚಾಂಪಿಯನ್‌ಶಿಪ್ ಎಂಬ ಎರಡನೇ ದರ್ಜೆಗೆ ಇಳಿಯುತ್ತವೆ. ಪ್ರೀಮಿಯರ್ ಲೀಗ್‌ನಲ್ಲಿ ಕೊನೆಯ ಸ್ಥಾನ ಬಂದ ತಂಡಕ್ಕೂ ವರ್ಷಕ್ಕೆ 100 ಮಿಲಿಯನ್ ಪೌಂಡಿಗಿಂತ ಜಾಸ್ತಿ ಹಣ ಸಿಗುತ್ತದೆ. ಕೆಳಗಿಳಿದರೆ ಆ ಹಣ ಹೋಯಿತು. ಕೆಲವು ವರ್ಷ ಒಂದಿಷ್ಟು ಪರಿಹಾರದ ಹಣ ಕೊಡುತ್ತಾರೆ, ನಿಜ. ಆದರೆ ಒಳ್ಳೆಯ ಆಟಗಾರರು ಆ ಬೇಸಿಗೆಯಲ್ಲೇ ಬೇರೆ ಕ್ಲಬ್ಬಿಗೆ ಹೊರಟುಬಿಡುತ್ತಾರೆ. ಸಣ್ಣ ಊರಿಗೆ ಇದರ ಪೆಟ್ಟು ಮೈದಾನದ ಒಳಗಷ್ಟೇ ಅಲ್ಲ. ಪಂದ್ಯದ ದಿನ ತುಂಬುವ ಪಬ್ಬು, ಮೀನು-ಚಿಪ್ಸ್ ಅಂಗಡಿ, ಟ್ಯಾಕ್ಸಿ ಎಲ್ಲಕ್ಕೂ ತಾಗುತ್ತದೆ.

ಈ ಊರಿಗೆ ಆ ಭಯ ಹಳೆಯದು. 1960ರ ಚಾಂಪಿಯನ್ ತಂಡ 1980ರ ದಶಕದಲ್ಲಿ ಜಾರುತ್ತಾ ಜಾರುತ್ತಾ ಲೀಗಿನ ಕೊನೆಯದಾದ ನಾಲ್ಕನೇ ದರ್ಜೆಗೆ ಬಂತು. 1987ರ ಮೇ 9ರಂದು, ಸೀಸನ್ನಿನ ಕೊನೆಯ ದಿನ, ಓರಿಯಂಟ್ ವಿರುದ್ಧ ಗೆಲ್ಲದಿದ್ದರೆ ಲೀಗಿನಿಂದಲೇ ಹೊರಗೆ ಹೋಗುವ ಸ್ಥಿತಿ. ನೀಲ್ ಗ್ರೂಕಾಕ್ ಮತ್ತು ಇಯಾನ್ ಬ್ರಿಟನ್ ಗೋಲು ಹೊಡೆದರು. 2-1. ಬರ್ನ್ಲಿ ಉಳಿಯಿತು, ಲಿಂಕನ್ ಸಿಟಿ ಹೊರಬಿತ್ತು. ಅದೇ ದಿನ ಟಾರ್ಕ್ವೇ ತಂಡದ ಕಥೆ ಇನ್ನೂ ವಿಚಿತ್ರ. ಅವರ ಆಟಗಾರನಿಗೆ ಪೊಲೀಸ್ ನಾಯಿ ಕಚ್ಚಿತು. ಅದಕ್ಕಾಗಿ ಆಟ ನಿಂತ ಹೊತ್ತನ್ನು ಕೊನೆಗೆ ಸೇರಿಸಿದರು. ಆ ಹೆಚ್ಚುವರಿ ಸಮಯದಲ್ಲೇ ಅವರು ಗೋಲು ಹೊಡೆದು ಡ್ರಾ ಮಾಡಿಕೊಂಡು ಉಳಿದರು! ಇಲ್ಲಿನವರು ಇದನ್ನು ಈಗಲೂ ಮೊನ್ನೆ ಆದ ಹಾಗೆ ಹೇಳುತ್ತಾರೆ.

ನನ್ನ ಸುತ್ತಲಿನ ಚರ್ಚೆಯಲ್ಲಿ ಮುಖ್ಯವಾಗಿ ಇಬ್ಬರಿದ್ದಾರೆ. ಒಬ್ಬರು ಪಕ್ಕದ ಮನೆಯ ಅಜ್ಜ. 1960ರ ತಂಡವನ್ನು ಹುಡುಗನಾಗಿ ನೋಡಿದವರು. ಇನ್ನೊಬ್ಬರು ನಮ್ಮ ಆಸ್ಪತ್ರೆಯ ಪೋರ್ಟರ್, ನಲವತ್ತು ದಾಟಿದವರು. ಓರಿಯಂಟ್ ಪಂದ್ಯಕ್ಕೆ ಅಪ್ಪನ ಕೈ ಹಿಡಿದು ಹೋಗಿದ್ದವರು. ಹಳಬರು ಗಟ್ಟಿ ಆಟದ ಪರ, ಹೊಸಬರು ಚಂದದ ಆಟದ ಪರ ಅಂತ ನಾನು ಅಂದುಕೊಂಡಿದ್ದೆ. ಇಲ್ಲಿ ಪೂರ್ತಿ ತಿರುಗುಮುರುಗು. ಅಜ್ಜ ಚಂದದ ಆಟದ ಕಡೆ. ಯಾಕೆಂದರೆ ಅವರು ನೋಡಿದ ತಂಡ ಹಾಗಿತ್ತು. ಹ್ಯಾರಿ ಪಾಟ್ಸ್ ಮ್ಯಾನೇಜರ್, ಅಂದರೆ ತಂಡದ ಕೋಚ್, ಆಗಿದ್ದ ಕಾಲ. ಜಿಮ್ಮಿ ಮೆಕಿಲ್ರಾಯ್, ಜಿಮ್ಮಿ ಆಡಮ್‌ಸನ್ ಮಧ್ಯದಲ್ಲಿ ನಿಂತು ಪಾಸ್ ಹೆಣೆಯುತ್ತಿದ್ದರು. ಸಣ್ಣ ಊರು ಅಂತ ಹೆದರಿ ಆಡಿದವರಲ್ಲ ಅವರು. ಪೋರ್ಟರ್ ನೋಡಿದ್ದು ಕ್ಲಬ್ಬೇ ಇಲ್ಲವಾಗುವ ಭಯವನ್ನು. ಅವರಿಗೆ ಲೀಗಿನಲ್ಲಿ ಉಳಿಯುವುದೇ ಮೊದಲು, ಮಿಕ್ಕಿದ್ದೆಲ್ಲ ಆಮೇಲೆ.

ಇಬ್ಬರ ವಾದವೂ ಎರಡು ಹೆಸರುಗಳ ಸುತ್ತ ತಿರುಗುತ್ತದೆ. ತಂಡದ ಹಳೆಯ ಮ್ಯಾನೇಜರ್‌ಗಳಾದ ಶಾನ್ ಡೈಚ್ ಮತ್ತು ವಿನ್ಸೆಂಟ್ ಕೊಂಪನಿ.

ಡೈಚ್ 2012ರ ಅಕ್ಟೋಬರ್‌ನಲ್ಲಿ ಬಂದರು. 2022ರ ಏಪ್ರಿಲ್‌ವರೆಗೆ ಇದ್ದರು. ಎರಡು ಸಲ ತಂಡವನ್ನು ಪ್ರೀಮಿಯರ್ ಲೀಗಿಗೆ ಏರಿಸಿದರು. ಅವರ ಆಟ ನೋಡಲು ಸರಳ. ಹಿಂದೆ ನಾಲ್ವರು, ಮಧ್ಯದಲ್ಲಿ ನಾಲ್ವರು, ಮುಂದೆ ಇಬ್ಬರು. ಎರಡು ಸಾಲುಗಳ ನಡುವೆ ಹೆಚ್ಚು ಜಾಗ ಬಿಡುವುದಿಲ್ಲ. ಮೈದಾನದ ಮಧ್ಯಭಾಗವನ್ನು ಮುಚ್ಚಿ ಎದುರಾಳಿಯನ್ನು ಅಂಚಿಗೆ ತಳ್ಳುತ್ತಾರೆ. ಅಲ್ಲಿಂದ ಅವನು ಮೇಲೆತ್ತಿ ಹೊಡೆದ ಚೆಂಡನ್ನು ಎತ್ತರದ ಡಿಫೆಂಡರ್‌ಗಳು ತಲೆಯಿಂದ ಹೊರಗಟ್ಟುತ್ತಾರೆ. ಟಾರ್ಕೋವ್ಸ್ಕಿ, ಬೆನ್ ಮೀ, ಹಿಂದೆ ಗೋಲ್‌ಕೀಪರ್ ನಿಕ್ ಪೋಪ್. 2017-18ರಲ್ಲಿ ಈ ತಂಡ 38 ಪಂದ್ಯದಲ್ಲಿ ಹೊಡೆದದ್ದು ಬರೀ 36 ಗೋಲು. ಪಂದ್ಯಕ್ಕೆ ಒಂದೂ ಬೀಳಲಿಲ್ಲ. ಬಿಟ್ಟುಕೊಟ್ಟದ್ದು 39. ಆದರೂ 54 ಪಾಯಿಂಟ್ ಗಳಿಸಿ ಏಳನೇ ಸ್ಥಾನಕ್ಕೆ ಬಂತು, ಯುರೋಪಾ ಲೀಗಿನ ಅರ್ಹತಾ ಸುತ್ತಿಗೆ ಹೋಯಿತು. ಊರಿನಲ್ಲಿ ಪ್ರಿನ್ಸೆಸ್ ರಾಯಲ್ ಅಂತ ಇದ್ದ ಪಬ್ಬು ತನ್ನ ಹೆಸರನ್ನೇ ರಾಯಲ್ ಡೈಚ್ ಅಂತ ಬದಲಿಸಿಕೊಂಡಿತು. ಒಬ್ಬ ಮ್ಯಾನೇಜರ್ ಮೇಲೆ ಊರಿಗೆ ಎಷ್ಟು ಪ್ರೀತಿ ಇತ್ತು ನೋಡಿ.

ಪ್ರೀತಿಯ ಜೊತೆಗೇ ಬೇಸರವೂ ಬೆಳೆಯಿತು. ಅಜ್ಜ ಆ ವರ್ಷಗಳ ಬಗ್ಗೆ ಹೇಳುವುದು ಇಷ್ಟೇ: "ನಾವು ಪಾಯಿಂಟ್ ಎಣಿಸಿದೆವು ಲವ್, ಆಟ ನೋಡಲಿಲ್ಲ." ಇಲ್ಲಿ ಅಜ್ಜ ಅಜ್ಜಿಯರು ಯಾರನ್ನಾದರೂ ಹೀಗೆ ಲವ್ ಅಂತಲೇ ಕರೆಯುತ್ತಾರೆ. ಮೊದಲ ದಿನ ಮುಜುಗರ ಆಗುತ್ತದೆ, ಆಮೇಲೆ ಅದು ಕೇಳದಿದ್ದರೆ ಏನೋ ಕಳೆದುಕೊಂಡ ಹಾಗೆ ಆಗುತ್ತದೆ.

2022ರಲ್ಲಿ ತಂಡ ಕೆಳಗಿಳಿಯಿತು. ಕೊಂಪನಿ ಬಂದರು. ಮ್ಯಾಂಚೆಸ್ಟರ್ ಸಿಟಿಯ ಹಳೆಯ ಕ್ಯಾಪ್ಟನ್. ಟಾರ್ಕೋವ್ಸ್ಕಿ, ಮೀ, ಪೋಪ್ ಎಲ್ಲರೂ ಆ ಬೇಸಿಗೆಯಲ್ಲೇ ಹೊರಟುಹೋದರು. ಹೊಸ ಹುಡುಗರು ಬಂದರು. ಗೋಲ್‌ಕೀಪರ್ ಚೆಂಡನ್ನು ದೂರ ಒದೆಯುವುದು ನಿಂತಿತು. ಹತ್ತಿರದಲ್ಲಿದ್ದ ಡಿಫೆಂಡರ್‌ಗೆ ಪಾಸ್ ಕೊಟ್ಟು ಅಲ್ಲಿಂದ ಆಟ ಕಟ್ಟುವುದು ಶುರುವಾಯಿತು. ಆ 2022-23ರ ಸೀಸನ್ ಬಗ್ಗೆ ಮಾತಾಡುವಾಗ ಪೋರ್ಟರ್ ಕೂಡ ಮೆತ್ತಗಾಗುತ್ತಾರೆ. ಚಾಂಪಿಯನ್‌ಶಿಪ್‌ನ 46 ಪಂದ್ಯದಲ್ಲಿ ಸೋತದ್ದು ಮೂರೇ. 87 ಗೋಲು, 101 ಪಾಯಿಂಟ್. ಚಾಂಪಿಯನ್ ಪಟ್ಟ ಖಚಿತವಾದದ್ದು ಬೇರೆಲ್ಲೂ ಅಲ್ಲ, ಪರಮ ವೈರಿ ಬ್ಲ್ಯಾಕ್‌ಬರ್ನ್‌ನ ಮೈದಾನದಲ್ಲಿ. ಮರುದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಸಿಕ್ಕವರೆಲ್ಲ ನಗುತ್ತಿದ್ದರು. ಬ್ಲ್ಯಾಕ್‌ಬರ್ನ್ ಕಡೆಯಿಂದ ಕೆಲಸಕ್ಕೆ ಬರುವವರು ಮಾತ್ರ ತಲೆ ತಗ್ಗಿಸಿಕೊಂಡು ಓಡಾಡಿದರು.

ಮುಂದಿನ ವರ್ಷದ್ದೇ ನಿಜವಾದ ವಿಷಯ. 2023-24. ಪ್ರೀಮಿಯರ್ ಲೀಗಿನಲ್ಲಿ ಅದೇ ಆಟವನ್ನೇ ಆಡುತ್ತೇವೆ ಅಂತ ಕೊಂಪನಿ ಹಟ ಹಿಡಿದರು. ಸೀಸನ್ನಿನ ಮೊದಲ ಪಂದ್ಯವೇ ಟರ್ಫ್ ಮೂರ್‌ನಲ್ಲಿ, ಎದುರಾಳಿ ಮ್ಯಾಂಚೆಸ್ಟರ್ ಸಿಟಿ. 0-3. ಆಮೇಲೆ ಟಾಟನ್‌ಹ್ಯಾಮ್ ಬಂದು 5-2ರಲ್ಲಿ ಹೊಡೆದು ಹೋಯಿತು, ಅವರ ಆಟಗಾರ ಸನ್ ಹ್ಯಾಟ್ರಿಕ್ ಹೊಡೆದರು. ಚಳಿ ಶುರುವಾಗುವ ಹೊತ್ತಿಗೂ ತವರಿನಲ್ಲಿ ಒಂದು ಪಾಯಿಂಟ್ ಕೂಡ ಇಲ್ಲ. ನವೆಂಬರ್ 25ರಂದು ವೆಸ್ಟ್ ಹ್ಯಾಮ್ ವಿರುದ್ಧ ಜೇ ರೊಡ್ರಿಗೆಜ್ ಪೆನಾಲ್ಟಿ ಹೊಡೆದು 1-0 ಆಯಿತು. ಇದೇ ಊರಲ್ಲಿ ಹುಟ್ಟಿದ ಹುಡುಗ ಅವನು. 85 ನಿಮಿಷದವರೆಗೂ ಮುಂದಿದ್ದ ತಂಡ ಕೊನೆಯ ಕೆಲವೇ ನಿಮಿಷದಲ್ಲಿ ಎರಡು ಗೋಲು ಬಿಟ್ಟುಕೊಟ್ಟು ಸೋತಿತು. ಮರುವಾರ ಶೆಫೀಲ್ಡ್ ಯುನೈಟೆಡ್ ವಿರುದ್ಧ 5-0. ಅದು ತವರಿನ ಮೊದಲ ಗೆಲುವು. ಊರು ಒಂದು ವಾರ ಉಸಿರಾಡಿತು.

ಆ ಡಿಸೆಂಬರಿನಲ್ಲಿ ಡೈಚ್ ಟರ್ಫ್ ಮೂರ್‌ಗೆ ಬಂದರು. ಆಗ ಅವರು ಎವರ್ಟನ್ ತಂಡದ ಮ್ಯಾನೇಜರ್. ಅವರ ಜೊತೆ ಬರ್ನ್ಲಿಯ ಹಳೆಯ ಮಕ್ಕಳೇ ಬಂದಿದ್ದರು: ಟಾರ್ಕೋವ್ಸ್ಕಿ, ಮೈಕೆಲ್ ಕೀನ್, ಡ್ವೈಟ್ ಮೆಕ್‌ನೀಲ್. ಎವರ್ಟನ್ 2-0ರಲ್ಲಿ ಗೆದ್ದಿತು. ಎರಡನೇ ಗೋಲು ಹೊಡೆದದ್ದು ಕೀನ್. ಮರುದಿನ ನಮ್ಮ ಟೀ ರೂಮಿನಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ತಾವೇ ಬೆಳೆಸಿದ ಆಟ ತಮ್ಮನ್ನೇ ಸೋಲಿಸಿ ಹೋಗಿತ್ತು.

ಏಪ್ರಿಲ್ 6ರಂದು ಎವರ್ಟನ್ ಮೈದಾನದಲ್ಲಿ ಮತ್ತೆ ಅದೇ ಜೋಡಿ. ಮೊದಲ ಅರ್ಧ ಮುಗಿಯುತ್ತಾ ಬಂದಿತ್ತು. ಬರ್ನ್ಲಿ ಗೋಲ್‌ಕೀಪರ್ ಮುರಿಚ್ ಚೆಂಡನ್ನು ಕಾಲಿನಲ್ಲಿ ಇಟ್ಟುಕೊಂಡು ನಿಧಾನ ಮಾಡಿದರು. ಕ್ಯಾಲ್ವರ್ಟ್-ಲೂವಿನ್ ನುಗ್ಗಿ ಬಂದರು. ಮುರಿಚ್ ಒದ್ದ ಚೆಂಡು ಅವರಿಗೆ ಬಡಿದು ಗೋಲಿನೊಳಗೆ ಹೋಯಿತು. 1-0, ಪಂದ್ಯದ ಒಂದೇ ಗೋಲು. ಒಂದೇ ವಾರದ ನಂತರ ಬ್ರೈಟನ್ ವಿರುದ್ಧ ಬರ್ನ್ಲಿ 1-0 ಮುಂದಿತ್ತು. ಸಹ ಆಟಗಾರ ಹಿಂದಕ್ಕೆ ಕೊಟ್ಟ ಸುಲಭದ ಪಾಸು ಅದೇ ಮುರಿಚ್ ಅವರ ಪಾದದ ಕೆಳಗೆ ನುಸುಳಿ ಗೋಲಿಗೆ ಉರುಳಿತು. 1-1. ನಾನು ಅವತ್ತು ಮೈದಾನದಲ್ಲಿದ್ದೆ. ಚೆಂಡು ಗೆರೆ ದಾಟಿದಾಗ ಯಾರೂ ಬೈಯಲಿಲ್ಲ. ನನ್ನ ಪಕ್ಕದ ಹೆಂಗಸು ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಆ ಹುಡುಗನ ಮೇಲೆ ಕೋಪಕ್ಕಿಂತ ಕನಿಕರವೇ ಜಾಸ್ತಿ ಇತ್ತು. ಅವನಿಗೆ ಹಾಗೆ ಆಡು ಅಂತ ಹೇಳಿಕೊಟ್ಟಿದ್ದರು, ಅವನು ಹಾಗೇ ಆಡಿದ.

ಮೇ 11ರಂದು ಟಾಟನ್‌ಹ್ಯಾಮ್ ಮೈದಾನದಲ್ಲಿ 2-1ರಲ್ಲಿ ಸೋತು ಬರ್ನ್ಲಿ ಕೆಳಗಿಳಿಯಿತು. ಅದೇ ತಿಂಗಳ ಕೊನೆಗೆ ಕೊಂಪನಿ ಬಯರ್ನ್ ಮ್ಯೂನಿಕ್‌ನ ಕೋಚ್ ಆದರು. ಕೆಳಗಿಳಿದ ತಂಡದ ಮ್ಯಾನೇಜರ್ ಯುರೋಪಿನ ಅತಿ ದೊಡ್ಡ ಕ್ಲಬ್ಬುಗಳಲ್ಲಿ ಒಂದಕ್ಕೆ ಹೋದದ್ದು ಇಲ್ಲಿ ಹಲವರಿಗೆ ನೋವು ಕೊಟ್ಟಿತು. ಪೋರ್ಟರ್ ಹೇಳಿದರು: "ಅವರ ಪಾಠ ಮುಗೀತು, ಫೀಸು ನಾವು ಕಟ್ಟಿದೆವು." ಅಜ್ಜ ಒಪ್ಪಲಿಲ್ಲ. ಬಯರ್ನ್‌ನಂಥವರಿಗೆ ಆ ಆಟದಲ್ಲಿ ಏನೋ ಕಂಡಿರಬೇಕು, ನಮಗೆ ಕಾಣಲಿಲ್ಲ ಅಂದರೆ ಅದು ಅವರ ತಪ್ಪಲ್ಲ ಅನ್ನುವುದು ಅವರ ಮಾತು. ಅಜ್ಜನ ವಾದಕ್ಕೆ ತೂಕ ಇದೆ. ದೊಡ್ಡ ಕ್ಲಬ್ಬು ಫಲಿತಾಂಶ ಒಂದನ್ನೇ ನೋಡಿ ಕೋಚನ್ನು ಆರಿಸಲಿಲ್ಲ ಅನ್ನುವುದಂತೂ ನಿಜ.

ಈ ಚರ್ಚೆಗೆ ಶಿವಮೊಗ್ಗದಿಂದ ನಮ್ಮ ಭಾವನವರೂ ಸೇರಿಕೊಳ್ಳುತ್ತಾರೆ. ಅವರು ಮ್ಯಾಂಚೆಸ್ಟರ್ ಸಿಟಿ ಅಭಿಮಾನಿ. ಇದರಲ್ಲಿ ಒಂದು ಸ್ವಾರಸ್ಯ ಇದೆ. ಇಂಗ್ಲೆಂಡಿನಲ್ಲಿ ಶನಿವಾರ ಮಧ್ಯಾಹ್ನ ಮೂರು ಗಂಟೆಯ ಪಂದ್ಯಗಳನ್ನು ಟಿವಿಯಲ್ಲಿ ನೇರ ಪ್ರಸಾರ ಮಾಡುವುದಿಲ್ಲ. ಜನ ಮನೆಯಲ್ಲಿ ಕೂತು ದೊಡ್ಡ ತಂಡಗಳ ಆಟ ನೋಡಿದರೆ ಸಣ್ಣ ಊರುಗಳ ಮೈದಾನ ಖಾಲಿ ಆಗುತ್ತದೆ ಅಂತ 1960ರ ದಶಕದಿಂದ ಇರುವ ನಿಯಮ. ಹಾಗಾಗಿ ಟರ್ಫ್ ಮೂರ್‌ನ ಪಕ್ಕದ ಬೀದಿಯಲ್ಲಿದ್ದರೂ ಟಿಕೆಟ್ ಇಲ್ಲದಿದ್ದರೆ ನನಗೆ ಆ ಪಂದ್ಯ ಕಾಣುವುದಿಲ್ಲ, ಕೂಗು ಮಾತ್ರ ಕೇಳುತ್ತದೆ. ಶಿವಮೊಗ್ಗದಲ್ಲಿ ಭಾವ ರಾತ್ರಿ ಊಟ ಮಾಡುತ್ತಾ ಅದೇ ಪಂದ್ಯವನ್ನು ಆರಾಮಾಗಿ ನೋಡುತ್ತಾರೆ. ಆಮೇಲೆ ಫೋನ್ ಮಾಡುತ್ತಾರೆ.

"ಏನಮ್ಮ, ನಿಮ್ಮೂರಿನವರು ಆಡೋದು ನೋಡಿದ್ರೆ ಪಾಪ ಅನ್ಸುತ್ತೆ. ಆದ್ರೂ ಪಾಸ್ ಮಾಡ್ಕೊಂಡು ಆಡ್ತಾರೆ, ಅದು ಮೆಚ್ಚಬೇಕು. ಆ ಎವರ್ಟನ್ ಆಟ ಇದೆಯಲ್ಲ, ನಿದ್ದೆ ಬರುತ್ತೆ."

"ಭಾವ, ಆ ಎವರ್ಟನ್ ಉಳ್ಕೊಳ್ತು. ನಮ್ಮೂರು ಬಿತ್ತು."

"ಇರ್ಲಿ ಬಿಡು. ಆಟ ಅಂದ್ಮೇಲೆ ನೋಡೋಕೆ ಚಂದ ಇರ್ಬೇಕಲ್ವಾ?"

ಭಾವನವರ ಮಾತು ಅವರ ಜಾಗದಿಂದ ಸರಿಯೇ. ಸೋಫಾದಲ್ಲಿ ಕೂತವರಿಗೆ ಬೇಜಾರಾದರೆ ಚಾನೆಲ್ ಬದಲಿಸಬಹುದು. ಎರಡು ತಂಡವೂ ಅವರದ್ದಲ್ಲದಾಗ ಚಂದದ ಆಟ ಒಂದೇ ಲಾಭ. ಆದರೆ ನನ್ನ ಪಕ್ಕದಲ್ಲಿ ಮುಖ ಮುಚ್ಚಿಕೊಂಡ ಆ ಹೆಂಗಸು ಯಾವ ಚಾನೆಲ್ ಬದಲಿಸಬೇಕು? ಅವರ ಹತ್ತಿರ ಇರುವುದು ಇದೊಂದೇ ತಂಡ. ಅವರ ಅಮ್ಮನೂ ಅಲ್ಲೇ ಕೂರುತ್ತಿದ್ದರಂತೆ. ಎರಡನೇ ದರ್ಜೆಯಾದರೂ, ನಾಲ್ಕನೇ ದರ್ಜೆಯಾದರೂ ಅವರು ಬರುತ್ತಾರೆ. ಅವರಿಗೆ ಬೇಕಾದದ್ದು ಏನು ಅಂತ ನಾನು ಕೇಳಿದ್ದೆ. ತಡಮಾಡದೆ ಹೇಳಿದರು: ಎಂಬತ್ತನೇ ನಿಮಿಷದಲ್ಲೂ ಪಂದ್ಯ ನಮ್ಮ ಕೈಯಲ್ಲಿರಬೇಕು.

ನನ್ನ ಮನಸ್ಸಿಗೆ ತಾಗಿದ್ದು ಆ ಉತ್ತರ. ರಂಜನೆ ಅಂದರೆ ಗೋಲುಗಳ ಸಂಖ್ಯೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ಮೊದಲ ಇಪ್ಪತ್ತು ನಿಮಿಷದಲ್ಲೇ 0-2 ಆದ ಪಂದ್ಯದಲ್ಲಿ ನಮ್ಮವರು ಎಷ್ಟು ಚಂದವಾಗಿ ಪಾಸ್ ಮಾಡಿದರೂ ಮೈದಾನದಲ್ಲಿ ಕೂತವರಿಗೆ ಅದರಲ್ಲಿ ರಸ ಉಳಿದಿರುವುದಿಲ್ಲ. 0-0 ಇರುವ ಎಂಬತ್ತನೇ ನಿಮಿಷದಲ್ಲಿ ಒಂದು ಕಾರ್ನರ್ ಸಿಕ್ಕಿದರೆ 20 ಸಾವಿರ ಜನ ಎದ್ದು ನಿಲ್ಲುತ್ತಾರೆ. ಯಾವುದು ಹೆಚ್ಚು ರಂಜನೆ?

ಅಂಕಿಗಳನ್ನು ನೋಡಿ. 2023-24ರಲ್ಲಿ ಕೊಂಪನಿಯ ಬರ್ನ್ಲಿ ಹೊಡೆದದ್ದು 41 ಗೋಲು. ಡೈಚ್ ಅವರ ಎವರ್ಟನ್ ಹೊಡೆದದ್ದು 40. ಹೌದು, ನಿದ್ದೆ ಬರಿಸುವ ತಂಡಕ್ಕೂ ಚಂದದ ತಂಡಕ್ಕೂ ಇಡೀ ವರ್ಷದಲ್ಲಿ ಇದ್ದ ವ್ಯತ್ಯಾಸ ಒಂದೇ ಒಂದು ಗೋಲು. ಬಿಟ್ಟುಕೊಟ್ಟ ಗೋಲು ಎವರ್ಟನ್‌ಗೆ 51, ಬರ್ನ್ಲಿಗೆ 78. ಹಣಕಾಸಿನ ನಿಯಮ ಮೀರಿದ್ದಕ್ಕೆ ಎವರ್ಟನ್‌ನ 8 ಪಾಯಿಂಟ್ ಕಡಿತ ಮಾಡಿದ್ದರು. ಅಷ್ಟು ಕಳೆದುಕೊಂಡೂ 40 ಪಾಯಿಂಟ್ ಉಳಿಯಿತು. ಬರ್ನ್ಲಿಗೆ 24. ಈ ಲೆಕ್ಕ ನೋಡಿದ ದಿನದಿಂದ ನಾನು ಪೂರ್ತಿ ಪೋರ್ಟರ್ ಪಕ್ಷ. ಚಂದದ ಆಟ ಅಂತ ನಾವು ಕೊಟ್ಟ ಬೆಲೆಗೆ ಬದಲಾಗಿ ಸಿಕ್ಕಿದ್ದು ಹೆಚ್ಚು ಗೋಲಲ್ಲ. ಸಿಕ್ಕಿದ್ದು ಹೆಚ್ಚು ಪಾಸುಗಳು, ಅದೂ ಬಹುಪಾಲು ನಮ್ಮದೇ ಗೋಲಿನ ಮುಂದೆ.

ಯಾಕೆ ಹಾಗಾಯಿತು ಅನ್ನುವುದಕ್ಕೂ ಕಾರಣ ಇದೆ. 2019ರಿಂದ ಗೋಲ್ ಕಿಕ್, ಅಂದರೆ ಗೋಲಿನ ಮುಂದಿನಿಂದ ಆಟ ಮತ್ತೆ ಶುರುಮಾಡುವ ಒದೆತ, ಹೊಡೆದ ಚೆಂಡು ಗೋಲಿನ ಮುಂದಿನ ಪೆನಾಲ್ಟಿ ಬಾಕ್ಸಿನಿಂದ ಹೊರಗೆ ಹೋಗಬೇಕು ಅನ್ನುವ ನಿಯಮ ಇಲ್ಲ. ಗೋಲ್‌ಕೀಪರ್ ಪಕ್ಕದಲ್ಲೇ ನಿಂತ ಡಿಫೆಂಡರ್‌ಗೆ ಕೊಡಬಹುದು. ಎದುರಾಳಿಯನ್ನು ಮುಂದೆ ಎಳೆದು ಅವನ ಬೆನ್ನ ಹಿಂದಿನ ಖಾಲಿ ಜಾಗ ಬಳಸಿಕೊಳ್ಳುವ ಉಪಾಯ ಅದು. ಚಾಂಪಿಯನ್‌ಶಿಪ್‌ನಲ್ಲಿ ಬರ್ನ್ಲಿಯ ಆಟಗಾರರೇ ಬಹುತೇಕ ಎದುರಾಳಿಗಳಿಗಿಂತ ಚುರುಕು, ಹಾಗಾಗಿ ನಡೆಯಿತು. ಮೇಲಿನ ದರ್ಜೆಯಲ್ಲಿ ಎದುರು ನುಗ್ಗಿ ಬರುವವರು ಇವರಿಗಿಂತ ವೇಗ, ಇವರಿಗಿಂತ ದುಬಾರಿ. ಒಂದು ಪಾಸ್ ಅರ್ಧ ಸೆಕೆಂಡ್ ತಡವಾದರೆ ಚೆಂಡು ಅವರ ಕಾಲಿನಲ್ಲಿ, ಗೋಲು ಹತ್ತು ಹೆಜ್ಜೆ ದೂರದಲ್ಲಿ. ಇದು ಬರ್ನ್ಲಿಯೊಂದರ ಕಥೆ ಅಲ್ಲ. ಮುಂದಿನ ವರ್ಷ ಸೌತಾಂಪ್ಟನ್ ತಂಡ ರಸೆಲ್ ಮಾರ್ಟಿನ್ ಅವರ ಕೈಯಲ್ಲಿ ಅದೇ ದಾರಿ ಹಿಡಿಯಿತು. ಟಾಟನ್‌ಹ್ಯಾಮ್ ವಿರುದ್ಧ ತವರಿನಲ್ಲೇ 0-5 ಆದ ರಾತ್ರಿ ಅವರನ್ನು ತೆಗೆದುಹಾಕಿದರು. ತಂಡ ಇಡೀ ಸೀಸನ್ನಿಗೆ 12 ಪಾಯಿಂಟ್ ಗಳಿಸಿ ಕೆಳಗಿಳಿಯಿತು.

ಅಜ್ಜನ ಬಳಿ ಇದಕ್ಕೆ ಉತ್ತರ ಇದೆ. ಅದನ್ನು ಹೇಳದಿದ್ದರೆ ಅನ್ಯಾಯ. 2023-24ರಲ್ಲಿ ಬರ್ನ್ಲಿಯ ಜೊತೆ ಮೇಲೆ ಬಂದಿದ್ದ ಲೂಟನ್, ಶೆಫೀಲ್ಡ್ ಯುನೈಟೆಡ್ ಕೂಡ ಕೆಳಗಿಳಿದವು. ಆ ಎರಡು ತಂಡಗಳು ಕೊಂಪನಿಯ ಹಾಗೆ ಆಡಿದ್ದಲ್ಲ. ಶೆಫೀಲ್ಡ್ 104 ಗೋಲು ಬಿಟ್ಟುಕೊಟ್ಟು 16 ಪಾಯಿಂಟಿಗೆ ನಿಂತಿತು. ಹಾಗಾದರೆ ಹೇಗೆ ಆಡಿದರೂ ಬೀಳುವುದೇ ಅಲ್ವಾ? ಬೀಳುವುದೇ ಆದರೆ ಚಂದವಾಗಿ ಆಡಿ ಬೀಳಬಾರದೇಕೆ? ಮೇಲಿನವರ ಹಣ, ಕೆಳಗಿನಿಂದ ಬಂದವರ ಹಣ, ಎರಡರ ನಡುವಿನ ಅಂತರ ಅಷ್ಟು ದೊಡ್ಡದಾಗಿದೆ ಅನ್ನುವುದು ನಿಜ. ಆದರೆ ಹಣ ಕಡಿಮೆ ಇರುವವರಿಗೆ ಗೋಲು ಹೊಡೆಯುವವನನ್ನು ಕೊಳ್ಳುವುದು ಕಷ್ಟ. ಸಾಲಾಗಿ ನಿಲ್ಲುವುದನ್ನು, ಒಟ್ಟಿಗೆ ಸರಿಯುವುದನ್ನು ಕಲಿಯಲು ಹಣ ಬೇಡ, ವರ್ಷಗಟ್ಟಲೆ ಅಭ್ಯಾಸ ಬೇಕು. ಡೈಚ್ ಮಾಡಿದ್ದು ಅದನ್ನೇ.

ಗಟ್ಟಿ ಆಟದಲ್ಲಿ ಚಂದ ಇಲ್ಲ ಅನ್ನುವ ಮಾತನ್ನೂ ನಾನು ಒಪ್ಪುವುದಿಲ್ಲ. ಕಬಡ್ಡಿ ನೋಡಿ ಬೆಳೆದ ನಮಗೆ ಇದು ಬೇಗ ಅರ್ಥವಾಗಬೇಕು. ರೈಡರ್ ಒಳಗೆ ಬಂದಾಗ ಕೈ ಕೈ ಹಿಡಿದ ಸರಪಳಿ ಒಮ್ಮೆಲೇ ಸುತ್ತುವರಿದು ಅವನನ್ನು ನೆಲಕ್ಕೆ ಕೆಡವುತ್ತದಲ್ಲ, ಆಗ ಏಳುವ ಕೂಗು ಯಾವ ರೈಡಿಗೂ ಕಡಿಮೆ ಇರುವುದಿಲ್ಲ. ಟರ್ಫ್ ಮೂರ್‌ನಲ್ಲಿ ಡಿಫೆಂಡರ್ ಒಬ್ಬ ಗೋಲಿನ ಗೆರೆಯ ಹತ್ತಿರ ಬಿದ್ದು ಚೆಂಡನ್ನು ತಡೆದಾಗ ಅದೇ ಕೂಗು ಏಳುತ್ತದೆ. ನನ್ನ ಮಗಳು ಶಾಲೆಯ ತಂಡದಲ್ಲಿ ಡಿಫೆಂಡರ್. ಗೋಲು ಹೊಡೆಯುವ ಜಾಗ ಕೇಳು ಅಂತ ಒಮ್ಮೆ ಹೇಳಿದೆ. "ಅಮ್ಮ, ನಾನು ನಿಲ್ಲಿಸಿದ್ರೆ ಅವರ ಮುಖ ನೋಡ್ಬೇಕು ನೀನು" ಅಂದಳು. ಅವಳು ಇಲ್ಲಿಯ ನೀರು ಕುಡಿದು ಬೆಳೆದವಳು.

ಕೊಂಪನಿಯ ನಂತರ ಬಂದವರು ಸ್ಕಾಟ್ ಪಾರ್ಕರ್. 2024-25ರ ಚಾಂಪಿಯನ್‌ಶಿಪ್ ಸೀಸನ್ನಿನಲ್ಲಿ ಅವರ ಬರ್ನ್ಲಿ 46 ಪಂದ್ಯದಲ್ಲಿ ಬಿಟ್ಟುಕೊಟ್ಟದ್ದು 16 ಗೋಲು. ನಂಬುವುದು ಕಷ್ಟ, ಆದರೆ ನಿಜ. 30 ಪಂದ್ಯಗಳಲ್ಲಿ ಎದುರಾಳಿಗೆ ಒಂದು ಗೋಲೂ ಇಲ್ಲ. ಸೋತದ್ದು ಎರಡೇ. ಆದರೆ ಒಂದರ ಹಿಂದೆ ಒಂದು 0-0 ಬಂದವು. ಆ ಚಳಿಗಾಲದಲ್ಲಿ ಟೀ ರೂಮಿನ ಚರ್ಚೆ ತಾರಕಕ್ಕೆ ಹೋಯಿತು. ಟಿಕೆಟ್ ಕೊಟ್ಟು 0-0 ನೋಡಬೇಕಾ ಅಂತ ಲ್ಯಾಬಿನ ಚಿಕ್ಕ ಹುಡುಗರ ಗೊಣಗಾಟ. ಪೋರ್ಟರ್ ಮಾತ್ರ ಸಂತೋಷವಾಗಿದ್ದರು. ಜನವರಿಯಲ್ಲಿ ಸಂಡರ್‌ಲ್ಯಾಂಡ್ ವಿರುದ್ಧದ 0-0 ಪಂದ್ಯದ ಕೊನೆಯಲ್ಲಿ ಗೋಲ್‌ಕೀಪರ್ ಜೇಮ್ಸ್ ಟ್ರಾಫರ್ಡ್ ಎರಡು ಪೆನಾಲ್ಟಿ ತಡೆದರು. ಒಂದಲ್ಲ, ಎರಡು! ಅವತ್ತು ಮೈದಾನದಲ್ಲಿದ್ದವರಲ್ಲಿ ಯಾರಾದರೂ ಅದನ್ನು ಬೋರ್ ಅಂದದ್ದನ್ನು ನಾನು ಕೇಳಿಲ್ಲ. ಗೋಲೇ ಇಲ್ಲದ ಪಂದ್ಯದ ಬಗ್ಗೆ ಇಡೀ ವಾರ ಮಾತಾಡಿದರು.

ಏಪ್ರಿಲ್ 21ರಂದು, ಈಸ್ಟರ್ ಸೋಮವಾರ, ಶೆಫೀಲ್ಡ್ ಯುನೈಟೆಡ್ ವಿರುದ್ಧ 2-1. ಜೋಶ್ ಬ್ರೌನ್‌ಹಿಲ್ ಎರಡು ಗೋಲು. ಮತ್ತೆ ಪ್ರೀಮಿಯರ್ ಲೀಗ್. ಪಂದ್ಯ ಮುಗಿದ ಕೂಡಲೇ ಜನ ಮೈದಾನದೊಳಗೆ ನುಗ್ಗಿದರು. 100 ಪಾಯಿಂಟ್ ಗಳಿಸಿಯೂ ಪಟ್ಟ ಸಿಗಲಿಲ್ಲ. ಲೀಡ್ಸ್ ತಂಡಕ್ಕೂ 100 ಪಾಯಿಂಟ್, ಗೋಲು ವ್ಯತ್ಯಾಸದಲ್ಲಿ ಅವರು ಮೇಲೆ. ಅವರು 95 ಗೋಲು ಹೊಡೆದಿದ್ದರು, ನಾವು 69. ಅಜ್ಜ ಇದನ್ನು ಹಿಡಿದುಕೊಂಡರು. "ನೋಡು, ಹೊಡೆದವರಿಗೇ ಕಪ್ಪು" ಅಂದರು. ಪೋರ್ಟರ್‌ಗೆ ಆ ಮಾತು ತಲುಪಿಸಿದೆ. ಇಬ್ಬರೂ ಮೇಲೆ ಬಂದೆವಲ್ಲ, ಅಷ್ಟು ಸಾಕು ಅಂದರು.

ಈ ಕಡೆ ಬರುವವರಿಗೆ ಒಂದು ಮಾತು. ನೆಂಟರ ಮನೆಗೆ ಮ್ಯಾಂಚೆಸ್ಟರ್‌ಗೆ ಬಂದವರು ದೊಡ್ಡ ಎರಡು ಕ್ಲಬ್ಬುಗಳ ಮೈದಾನದ ಮುಂದೆ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಅಲ್ಲಿಗೆ ಹೋಗಿ, ತಪ್ಪಿಲ್ಲ. ಆದರೆ ಒಂದು ಶನಿವಾರ ವಿಕ್ಟೋರಿಯಾ ಸ್ಟೇಷನ್ನಿನಿಂದ ಬರ್ನ್ಲಿ ಮ್ಯಾಂಚೆಸ್ಟರ್ ರೋಡ್ ಸ್ಟೇಷನ್ನಿಗೆ ರೈಲು ಹತ್ತಿ. ನೇರ ರೈಲಿದೆ. ಇಳಿದು ನಡೆದೇ ಹೋಗಬಹುದು, ಕೆಂಗಂದು ಬಣ್ಣದ ಅಂಗಿಯವರ ಹಿಂದೆ ಹೋದರೆ ಸಾಕು. ಚಳಿಗೆ ಅಲ್ಲಿಯವರು ಬೆನೆಡಿಕ್ಟೀನ್ ಎಂಬ ಫ್ರೆಂಚ್ ಮದ್ಯಕ್ಕೆ ಬಿಸಿನೀರು ಬೆರೆಸಿ ಕುಡಿಯುತ್ತಾರೆ. ಮೊದಲ ಮಹಾಯುದ್ಧಕ್ಕೆ ಫ್ರಾನ್ಸಿಗೆ ಹೋಗಿದ್ದ ಇಲ್ಲಿನ ಸೈನಿಕರು ತಂದ ರೂಢಿ. ಬೇಡ ಅಂದವರಿಗೆ ಚಹಾ ಇದೆ. ಗೋಲಿನ ಹಿಂದಿನ ಒಂದು ಸ್ಟ್ಯಾಂಡಿನ ಹೆಸರು ಕ್ರಿಕೆಟ್ ಫೀಲ್ಡ್. ಅದರ ಆಚೆಯೇ ಬರ್ನ್ಲಿ ಕ್ರಿಕೆಟ್ ಕ್ಲಬ್, ಜೇಮ್ಸ್ ಆಂಡರ್ಸನ್ ಹುಡುಗನಾಗಿ ಬೌಲಿಂಗ್ ಕಲಿತ ಜಾಗ. ಪಕ್ಕದ ನೆಲ್ಸನ್ ಊರಿನ ಕ್ಲಬ್ಬಿಗೆ 1981ರಲ್ಲಿ ಕಪಿಲ್ ದೇವ್ ಆಡಿದ್ದರು.

ಪಂದ್ಯ ಶುರುವಾದ ಮೇಲೆ ಹತ್ತು ನಿಮಿಷ ಚೆಂಡಿನ ಹಿಂದೆ ಹೋಗಬೇಡಿ. ಟಿವಿ ನಿಮಗೆ ಯಾವಾಗಲೂ ಚೆಂಡನ್ನೇ ತೋರಿಸಿದೆ. ಹಿಂದಿನ ನಾಲ್ವರನ್ನು ಮಾತ್ರ ನೋಡಿ. ಎದುರಾಳಿ ಬಲಕ್ಕೆ ಹೋದರೆ ನಾಲ್ವರೂ ಬಲಕ್ಕೆ ಸರಿಯುತ್ತಾರೆ. ಒಬ್ಬ ಮುಂದೆ ಹೋದರೆ ಪಕ್ಕದವನು ಅವನ ಜಾಗ ತುಂಬುತ್ತಾನೆ. ಒಬ್ಬ ಕೈ ಎತ್ತಿ ಕೂಗಿದ ಕೂಡಲೇ ಸಾಲು ಇಡಿಯಾಗಿ ಮುಂದೆ ಬರುತ್ತದೆ. ಆಮೇಲೆ ನನಗೆ ಹೇಳಿ, ನೀವು ಅಜ್ಜನ ಪಕ್ಷವೋ, ಪೋರ್ಟರ್ ಪಕ್ಷವೋ ಅಂತ. ಭಾವನವರಿಗೂ ಮುಂದಿನ ಸಲ ಬಂದಾಗ ಟಿಕೆಟ್ ತೆಗೆಸುತ್ತೇನೆ ಅಂತ ಹೇಳಿದ್ದೇನೆ. ಸಿಟಿ ಪಂದ್ಯಕ್ಕಾದರೆ ಮಾತ್ರ ಬರ್ತೀನಿ ಅಂತ ಹಟ ಹಿಡಿದಿದ್ದಾರೆ. ಆಗಲಿ, ಅವರು ಕೂರುವುದು ಮಾತ್ರ ನಮ್ಮವರ ಮಧ್ಯೆಯೇ.